ಜೀವಕೋಶಕ್ಕೂ ಬೇಕು ಒಂದು ನೆಲೆ

ಯಂತ್ರಕ್ಕೆ ಸಿಕ್ಕಿಯೋ, ಗಾಜಿನ ಚೂರು ತಗುಲಿಯೋ ಒಬ್ಬನ ಕೈಬೆರಳಿನ ನರ ತುಂಡಾಯಿತೆಂದು ಇಟ್ಟುಕೊಳ್ಳಿ. ಹತ್ತು ಹದಿನೈದು ದಿನಗಳಲ್ಲಿ ಚರ್ಮ ಕೂಡಿಕೊಳ್ಳುತ್ತದೆ. ಮೂಳೆ ಮುರಿದಿದ್ದರೆ ಅದೂ ಕೆಲವು ವಾರಗಳಲ್ಲಿ ಬೆಸೆದುಕೊಳ್ಳುತ್ತದೆ. ಆದರೆ ಬೆರಳ ತುದಿಗೆ ಸ್ಪರ್ಶಜ್ಞಾನ ಮರಳುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ತುಂಡಾದ ನರಕ್ಕೆ ಮತ್ತೆ ಬೆಳೆಯುವ ಶಕ್ತಿ ಇಲ್ಲದಿಲ್ಲ. ಅದರ ತಂತುಗಳು ಕತ್ತರಿಸಿದ ಜಾಗದಿಂದ ಚಿಗುರೊಡೆದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಮುಂದೆ ಸಾಗುತ್ತವೆ. ಅವುಗಳಿಗೆ ಇಲ್ಲದಿರುವುದು ದಾರಿ. ಎರಡು ತುದಿಗಳ ನಡುವೆ ಒಂದೆರಡು ಸೆಂಟಿಮೀಟರ್ ಅಂತರ ಬಿದ್ದಿದ್ದರೆ, ಹೊರಟ ತಂತುಗಳು ದಿಕ್ಕು ತಪ್ಪಿ ಒಂದರೊಳಗೊಂದು ಹೆಣೆದುಕೊಂಡು ಅಲ್ಲಿಯೇ ಗಂಟಾಗುತ್ತವೆ. ಆ ಗಂಟು ಮುಟ್ಟಿದರೆ ನೋಯುತ್ತದೆ. ಬೆರಳ ತುದಿ ಮಾತ್ರ ಮರಗಟ್ಟಿದಂತೆಯೇ ಇರುತ್ತದೆ.

ಇದಕ್ಕೆ ಶಸ್ತ್ರವೈದ್ಯರು ಬಹುಕಾಲದಿಂದ ಮಾಡುತ್ತ ಬಂದಿರುವ ಉಪಾಯವೆಂದರೆ ರೋಗಿಯ ಮೀನಖಂಡದಿಂದ ಒಂದು ನರವನ್ನು ಕತ್ತರಿಸಿ ತಂದು ಕೈಯ ಅಂತರಕ್ಕೆ ಸೇತುವೆಯಂತೆ ಹೊಲಿಯುವುದು. ಕೈಗೆ ದಾರಿ ಸಿಗುತ್ತದೆ. ಆದರೆ ಪಾದದ ಹೊರ ಅಂಚಿನಲ್ಲಿ ಸ್ಪರ್ಶ ಹೋಗುತ್ತದೆ. ಒಂದು ಕಡೆ ಕಿತ್ತು ಇನ್ನೊಂದು ಕಡೆ ನೆಡುವ ಈ ವ್ಯವಹಾರಕ್ಕೆ ಬದಲಾಗಿ, ಜೀವಕೋಶಗಳಿಗೆ ಎಲ್ಲಿ ಕಾಲೂರಬೇಕು, ಎತ್ತ ಸಾಗಬೇಕು ಎಂದು ತೋರಿಸುವ ಒಂದು ನೆಲವನ್ನು ಹಾಸಿ, ಕೆಲಸ ಮುಗಿದ ಮೇಲೆ ಆ ನೆಲವೇ ಕರಗಿಹೋಗುವಂತೆ ಮಾಡಲು ಸಾಧ್ಯವೇ? ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಈ ಪ್ರಶ್ನೆಗೆ ಒಂದು ಸ್ಪಷ್ಟ ಉತ್ತರದ ಆರಂಭ ಸಿಕ್ಕಿತು. ಆ ಉತ್ತರದ ಹಿಂದೆ ಎರಡು ಬೇರೆ ಬೇರೆ ಚರಿತ್ರೆಗಳಿವೆ. ಒಂದು, ಜೀವಕೋಶ ತನ್ನ ನೆಲೆಯನ್ನು ಹೇಗೆ ಆರಿಸಿಕೊಳ್ಳುತ್ತದೆ ಎಂಬುದರ ಚರಿತ್ರೆ. ಇನ್ನೊಂದು, ಕರಗುವ ದಾರದ ಚರಿತ್ರೆ.

ಜೇಡನ ಎಳೆಯ ಮೇಲೆ

ಮೊದಲನೆಯದು 1907ರಲ್ಲಿ ಶುರುವಾಗುತ್ತದೆ. ಅಮೆರಿಕದ ವಿಜ್ಞಾನಿ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದಿಂದ ನರಕೋಶಗಳ ಒಂದು ಚೂರನ್ನು ತೆಗೆದು, ಗಾಜಿನಿಂದ ಇಳಿಬಿದ್ದ ದುಗ್ಧರಸದ ಹನಿಯೊಳಗೆ ಇರಿಸಿ, ದೇಹದ ಹೊರಗೇ ನರತಂತು ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ದೇಹದಿಂದ ಬೇರ್ಪಟ್ಟ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಸಾಕುವ ವಿದ್ಯೆಗೆ ಅದೇ ನಾಂದಿ. ಆದರೆ ಹ್ಯಾರಿಸನ್ ಅಲ್ಲಿಗೇ ನಿಲ್ಲಲಿಲ್ಲ. ಕೋಶಗಳು ದ್ರವದಲ್ಲಿ ಈಜುತ್ತ ಮುಂದೆ ಹೋಗುವುದಿಲ್ಲ, ಅವಕ್ಕೆ ಹಿಡಿದುಕೊಳ್ಳಲು ಏನಾದರೂ ಘನವಸ್ತು ಬೇಕು ಎಂಬ ಗುಮಾನಿ ಅವರಿಗಿತ್ತು. ಅದನ್ನು ಪರೀಕ್ಷಿಸಲು ಅವರು ಆರಿಸಿಕೊಂಡ ವಸ್ತು ಜೇಡರಬಲೆ. ಬಲೆಯ ಎಳೆಗಳನ್ನು ದ್ರವದ ನಡುವೆ ಹಾಯಿಸಿ ಭ್ರೂಣದ ಕೋಶಗಳನ್ನು ಬಿಟ್ಟಾಗ, ಅವು ಎಳೆಗಳನ್ನು ಹಿಡಿದು, ಅವುಗಳ ಉದ್ದಕ್ಕೂ ಚಾಚಿಕೊಂಡು, ಹಗ್ಗದ ಮೇಲೆ ನಡೆಯುವ ದೊಂಬರಂತೆ ಸಾಗಿದವು. 1914ರಲ್ಲಿ ಈ ಪ್ರಯೋಗದ ವಿವರಗಳು ಪ್ರಕಟವಾದವು.

ಅಂದಿನಿಂದ ಒಂದು ಮಾತು ಸ್ಪಷ್ಟವಾಯಿತು. ಕೋಶದ ನಡೆಯನ್ನು ಅದರ ಒಳಗಿನ ಬಲ ಮಾತ್ರ ನಿರ್ಧರಿಸುವುದಿಲ್ಲ. ಕಾಲಡಿಯ ನೆಲವೂ ನಿರ್ಧರಿಸುತ್ತದೆ. ಆಸ್ಟ್ರಿಯಾದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಪಾಲ್ ವೈಸ್, ಕೋಶಗಳು ಗೆರೆ, ತೋಡುಗಳ ಗುಂಟ ಸಾಲುಗಟ್ಟುವುದನ್ನು ವಿವರವಾಗಿ ಅಭ್ಯಾಸ ಮಾಡಿ, ಸ್ಪರ್ಶವೇ ಅವಕ್ಕೆ ಮಾರ್ಗದರ್ಶಿ ಎಂಬ ತತ್ತ್ವವನ್ನು ಮುಂದಿಟ್ಟರು. 1967ರಲ್ಲಿ ಇಂಗ್ಲೆಂಡಿನ ಎಸ್. ಬಿ. ಕಾರ್ಟರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೋಶಗಳು ಸುಲಭವಾಗಿ ಅಂಟದ ಸೆಲ್ಯುಲೋಸ್ ಅಸಿಟೇಟ್ ಹಾಳೆಯ ಮೇಲೆ ಪಲೇಡಿಯಂ ಎಂಬ ಲೋಹದ ಸಣ್ಣ ಸಣ್ಣ ದ್ವೀಪಗಳನ್ನು ಮೂಡಿಸಿದರು. ಕೋಶಗಳು ಲೋಹದ ದ್ವೀಪಗಳನ್ನೇ ಆರಿಸಿಕೊಂಡು ಅಲ್ಲಲ್ಲೇ ಕುಳಿತವು. ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಬರೆದಂತೆ, ಕೋಶಗಳನ್ನು ಬೇಕಾದ ಚುಕ್ಕಿಯಲ್ಲಿ ಕೂರಿಸಬಹುದೆಂದು ಆಗ ಗೊತ್ತಾಯಿತು.

ಆದರೆ ಕೋಶ ಹಿಡಿಯುವುದಾದರೂ ಏನನ್ನು? ಬರಿಯ ಗಾಜನ್ನೋ, ಲೋಹವನ್ನೋ, ಪ್ಲಾಸ್ಟಿಕ್ಕನ್ನೋ ಅದು ನೇರವಾಗಿ ಹಿಡಿಯುವುದು ಅಪರೂಪ. ಯಾವ ವಸ್ತುವನ್ನೇ ಆಗಲಿ ರಕ್ತದಲ್ಲಿ ಅಥವಾ ದೇಹದ್ರವದಲ್ಲಿ ಇಟ್ಟರೆ, ಕೋಶಗಳು ಬರುವ ಮೊದಲೇ ಪ್ರೋಟೀನುಗಳು ಅದರ ಮೇಲೆ ತೆಳುವಾದ ಹೊದಿಕೆಯಾಗಿ ಕೂರುತ್ತವೆ. ಕೋಶ ಹಿಡಿದುಕೊಳ್ಳುವುದು ಆ ಪ್ರೋಟೀನುಗಳನ್ನು. ಅವುಗಳಲ್ಲಿ ಫೈಬ್ರೊನೆಕ್ಟಿನ್ ಎಂಬುದು ಮುಖ್ಯವಾದುದು. ಎರಡು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳನ್ನು ಪೋಣಿಸಿದ ಸರ ಅದು. ಇಷ್ಟು ದೊಡ್ಡ ಸರದಲ್ಲಿ ಕೋಶಕ್ಕೆ ಬೇಕಾದ ಹಿಡಿ ಎಲ್ಲಿದೆ? 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಪಿಯರ್ಶ್‌ಬಾಕರ್ ಮತ್ತು ಎರ್ಕಿ ರುವೊಸ್ಲಾಟಿ ಅದನ್ನು ಪತ್ತೆಹಚ್ಚಿದರು. ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರೇ ಮಣಿಗಳ ಒಂದು ತುಣುಕು ಅದರ ತಿರುಳು. ಈ ತುಣುಕನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಮೇಲ್ಮೈಗೆ ಅಂಟಿಸಿದರೂ ಕೋಶಗಳು ಬಂದು ಹಿಡಿದುಕೊಳ್ಳುತ್ತವೆ. ಹಿಡಿಯುವ ಕೋಶದ ಕಡೆಯ ಕೈಗಳಿಗೆ ಇಂಟೆಗ್ರಿನ್ ಎಂದು ಹೆಸರು. ಬೀಗ ಎಷ್ಟು ದೊಡ್ಡದಾದರೇನು, ಕೀಲಿಕೈ ತಾಗುವ ಜಾಗ ಚಿಕ್ಕದೇ.

ನೆಲೆ ತಪ್ಪಿದ ಕೋಶದ ಗತಿ

ಈ ಹಿಡಿತ ಕೇವಲ ಅಂಟಿಕೊಳ್ಳುವ ಸಂಗತಿಯಾಗಿದ್ದರೆ ಅದಕ್ಕೆ ಇಷ್ಟು ಮಹತ್ವ ಬರುತ್ತಿರಲಿಲ್ಲ. ನಮ್ಮ ಶರೀರದ ಬಹುಪಾಲು ಕೋಶಗಳಿಗೆ ಅದು ಜೀವನ್ಮರಣದ ಪ್ರಶ್ನೆ. ಹಿಡಿದುಕೊಳ್ಳಲು ಏನೂ ಸಿಗದ ಕೋಶ ತಾನಾಗಿಯೇ ಸಾಯುತ್ತದೆ. 1994ರಲ್ಲಿ ಈ ಸಾವಿಗೆ ವಿಜ್ಞಾನಿಗಳು ಗ್ರೀಕ್ ಭಾಷೆಯಿಂದ ಒಂದು ಹೆಸರನ್ನು ಆರಿಸಿದರು: ಅನೋಯ್ಕಿಸ್. ಮನೆಯಿಲ್ಲದ ಸ್ಥಿತಿ ಎಂದು ಅದರ ಅರ್ಥ. ಕೋಶಗಳಿಗೆ ಇಂಥ ಕಟ್ಟಳೆ ಇರುವುದು ಶರೀರದ ಹಿತಕ್ಕಾಗಿಯೇ. ಕರುಳಿನ ಕೋಶ ಕಿತ್ತುಬಂದು ಬೇರೆಲ್ಲೋ ನೆಲೆಸಿದರೆ ಕರುಳೂ ಉಳಿಯದು, ಆ ಬೇರೆ ಅಂಗವೂ ಉಳಿಯದು. ಈ ಕಟ್ಟಳೆಯನ್ನು ಮೀರಿ, ನೆಲೆಯಿಲ್ಲದೆಯೂ ಬದುಕಲು ಕಲಿತ ಕೋಶಗಳೇ ಕ್ಯಾನ್ಸರಾಗಿ ಊರೂರು ಸುತ್ತುತ್ತವೆ.

1997ರಲ್ಲಿ ಹಾರ್ವರ್ಡ್‌ನ ಕ್ರಿಸ್ಟೋಫರ್ ಚೆನ್, ಜಾರ್ಜ್ ವೈಟ್‌ಸೈಡ್ಸ್, ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು ಈ ವಿಚಾರವನ್ನು ಇನ್ನಷ್ಟು ಆಳಕ್ಕೆ ಒಯ್ದರು. ಚಿನ್ನದ ತೆಳು ಲೇಪದ ಮೇಲೆ ಪ್ರೋಟೀನಿನ ದ್ವೀಪಗಳನ್ನು ಅಚ್ಚೊತ್ತಿ, ರಕ್ತನಾಳದ ಒಳಪದರದ ಕೋಶಗಳನ್ನು ಅವುಗಳ ಮೇಲೆ ಬಿಟ್ಟರು. ಚಿಕ್ಕ ದ್ವೀಪದಲ್ಲಿ ಮುದುಡಿ ಕುಳಿತ ಕೋಶಗಳು ಸತ್ತವು. ದೊಡ್ಡ ದ್ವೀಪದಲ್ಲಿ ಕೈಕಾಲು ಚಾಚಲು ಎಡೆ ಸಿಕ್ಕ ಕೋಶಗಳು ಬದುಕಿ ವೃದ್ಧಿಸಿದವು. ದೊಡ್ಡ ದ್ವೀಪದಲ್ಲಿ ಪ್ರೋಟೀನ್ ಹೆಚ್ಚಾಗಿ ಸಿಕ್ಕಿದ್ದೇ ಕಾರಣವಿರಬಹುದಲ್ಲ ಎಂಬ ಆಕ್ಷೇಪವನ್ನೂ ಅವರು ಊಹಿಸಿದ್ದರು. ಆದ್ದರಿಂದ ಒಂದು ಚಿಕ್ಕ ದ್ವೀಪದಷ್ಟೇ ಒಟ್ಟು ಪ್ರೋಟೀನನ್ನು ದೂರ ದೂರದ ಅನೇಕ ಚುಕ್ಕಿಗಳಾಗಿ ಹಂಚಿ ನೋಡಿದರು. ಕೋಶ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಚಾಚಿ ಹರಡಿಕೊಂಡಿತು, ಬದುಕಿತು. ಹಿಡಿಯ ಪ್ರಮಾಣಕ್ಕಿಂತ, ಎಷ್ಟು ಹರಡಿಕೊಳ್ಳಲು ಸಾಧ್ಯ ಎಂಬುದೇ ಮುಖ್ಯವೆಂದು ಸಿದ್ಧವಾಯಿತು. ಮುಂದೆ 2004ರಲ್ಲಿ ಚೆನ್ ಅವರ ಗುಂಪೇ ಮಾನವನ ಅಸ್ಥಿಮಜ್ಜೆಯ ಆಕರಕೋಶಗಳಲ್ಲಿ ಇನ್ನೂ ವಿಸ್ಮಯದ ಸಂಗತಿಯನ್ನು ಕಂಡಿತು. ಕೊಬ್ಬು ಅಥವಾ ಮೂಳೆ ಎರಡೂ ಆಗಬಲ್ಲ ಅನುಕೂಲದ ದ್ರವದಲ್ಲಿ ಇಟ್ಟಾಗ, ಚಿಕ್ಕ ದ್ವೀಪದ ಕೋಶಗಳು ಕೊಬ್ಬಿನ ಕಡೆಗೆ ತಿರುಗಿದವು. ದೊಡ್ಡ ದ್ವೀಪದವು ಮೂಳೆಯ ಕಡೆಗೆ. ದ್ರವ ಒಂದೇ, ನೆಲದ ಅಳತೆ ಬೇರೆ.

ಇಷ್ಟೆಲ್ಲ ಆದರೂ ಈ ಪ್ರಯೋಗಗಳು ನಡೆದದ್ದು ಗಾಜು, ಚಿನ್ನಗಳ ಮೇಲೆ. ಚಿನ್ನದ ಹಾಳೆಯನ್ನು ಬೆರಳೊಳಗೆ ಇಟ್ಟು ಹೊಲಿಯುವಂತಿಲ್ಲ. ಇಟ್ಟರೂ ಅದು ಅಲ್ಲೇ ಉಳಿಯುತ್ತದೆ.

ಕರಗುವ ದಾರ

ಎರಡನೆಯ ಚರಿತ್ರೆ ಬಹಳ ಹಿಂದಿನದು. ಕರುಳು ಹರಿದಾಗ ಅದರ ಅಂಚುಗಳನ್ನು ಕೂಡಿಸಿ, ಕರಿ ಇರುವೆಗಳಿಂದ ಕಚ್ಚಿಸಿ, ಕಚ್ಚಿ ಹಿಡಿದೊಡನೆ ಇರುವೆಯ ದೇಹವನ್ನು ಚಿವುಟಿ ತಲೆಯನ್ನು ಮಾತ್ರ ಉಳಿಸಿ, ಕರುಳನ್ನು ಒಳಸೇರಿಸಿ ಹೊಟ್ಟೆಯನ್ನು ಹೊಲಿಯುವ ಕ್ರಮವನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಹೊಟ್ಟೆ ಹೊಲಿದ ಮೇಲೆ ಮತ್ತೆ ತೆರೆದು ಹೊಲಿಗೆ ಬಿಚ್ಚುವಂತಿಲ್ಲ ಎಂಬ ತೊಡಕನ್ನು ಆ ಕಾಲದ ವೈದ್ಯರು ಅರಿತಿದ್ದರೆಂಬುದಕ್ಕೆ ಇದು ಸಾಕ್ಷಿ. ಪಶ್ಚಿಮದಲ್ಲಿ ಈ ಕೆಲಸಕ್ಕೆ ಕುರಿಯ ಕರುಳಿನಿಂದ ಹೊಸೆದ ದಾರ ಬಳಕೆಗೆ ಬಂತು. ಕ್ಯಾಟ್‌ಗಟ್ ಎಂದು ಹೆಸರಾದರೂ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ದೇಹದ ಕಿಣ್ವಗಳು ಅದನ್ನು ನಿಧಾನವಾಗಿ ಜೀರ್ಣಿಸಿಕೊಳ್ಳುತ್ತವೆ. ಆದರೆ ಒಬ್ಬರಲ್ಲಿ ಬೇಗ, ಇನ್ನೊಬ್ಬರಲ್ಲಿ ತಡ. ಜೊತೆಗೆ ಪರಕೀಯ ಪ್ರೋಟೀನಾದ್ದರಿಂದ ಉರಿಯೂತ.

ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರ ಇದಕ್ಕೆ ಪರ್ಯಾಯ ಒದಗಿಸಿತು. ಮೊಸರಿಗೆ ಹುಳಿ ತರುವ ಲ್ಯಾಕ್ಟಿಕ್ ಆಮ್ಲದ ಅಣುಗಳನ್ನು ಸರಪಳಿಯಂತೆ ಜೋಡಿಸಿದರೆ ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಅದರ ಸೋದರ ಪಾಲಿಗ್ಲೈಕಾಲಿಕ್ ಆಮ್ಲ. ತೇವಕ್ಕೆ ಸಿಕ್ಕರೆ ಇವುಗಳ ಕೊಂಡಿಗಳು ಒಂದೊಂದಾಗಿ ಕಳಚುತ್ತವೆ. ಬಟ್ಟೆಗಾಗಲಿ ಪಾತ್ರೆಗಾಗಲಿ ಇದು ದೋಷ. ಆದರೆ ಶಸ್ತ್ರವೈದ್ಯನಿಗೆ ಇದೇ ಗುಣ. 1966ರಲ್ಲಿ ಅಮೆರಿಕದ ಸೇನಾ ವೈದ್ಯಕೀಯ ಕೇಂದ್ರವೊಂದರಲ್ಲಿ ಕುಲಕರ್ಣಿ, ಪಾಣಿ, ನ್ಯೂಮನ್ ಮತ್ತು ಲಿಯೊನಾರ್ಡ್ ಅವರು ಪಾಲಿಲ್ಯಾಕ್ಟಿಕ್ ಆಮ್ಲವನ್ನು ಪ್ರಾಣಿಗಳ ದೇಹದಲ್ಲಿ ಇಟ್ಟು ಅದು ತೊಂದರೆ ಕೊಡದೆ ನಿಧಾನವಾಗಿ ಕರಗುವುದನ್ನು ವರದಿ ಮಾಡಿದರು. 1970ರ ದಶಕದಲ್ಲಿ ಈ ಬಗೆಯ ದಾರಗಳು ಆಸ್ಪತ್ರೆಗಳಿಗೆ ಬಂದವು. ಇಲ್ಲಿ ಕುಳಿತವರಲ್ಲಿ ಎಷ್ಟೋ ಜನರ ಮೈಯೊಳಗೆ ಅಂಥ ದಾರ ಒಂದು ಕಾಲಕ್ಕೆ ಇದ್ದು, ಕೆಲಸ ಮುಗಿಸಿ, ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗಿರಬಹುದು.

ಈ ದಾರವನ್ನೇ ಹಂದರವಾಗಿ ಹೆಣೆದು ಅದರ ಮೇಲೆ ಜೀವಕೋಶಗಳನ್ನು ಹಬ್ಬಿಸಿದರೆ ಹೇಗೆ ಎಂಬ ಯೋಚನೆ ಬಾಸ್ಟನ್‌ನ ಜೋಸೆಫ್ ವಕಾಂಟಿ ಅವರದು. ಮಕ್ಕಳಿಗೆ ಯಕೃತ್ತಿನ ಕಸಿ ಮಾಡುತ್ತಿದ್ದ ಶಸ್ತ್ರವೈದ್ಯರು ಅವರು. ಸತ್ತವರ ಯಕೃತ್ತು ಸಕಾಲಕ್ಕೆ ಸಿಗದೆ ಮಕ್ಕಳು ಸಾಯುವುದನ್ನು ಕಣ್ಣಾರೆ ಕಂಡವರು. ರಾಸಾಯನಿಕ ಎಂಜಿನಿಯರ್ ರಾಬರ್ಟ್ ಲ್ಯಾಂಗರ್ ಜೊತೆ ಸೇರಿ 1993ರಲ್ಲಿ ಅವರು ಬರೆದ ಲೇಖನ ಅಂಗಾಂಶ ಎಂಜಿನಿಯರಿಂಗ್ ಎಂಬ ಹೊಸ ಶಾಸ್ತ್ರವನ್ನು ಲೋಕಕ್ಕೆ ಪರಿಚಯಿಸಿತು. ಬೆನ್ನ ಮೇಲೆ ಮನುಷ್ಯರ ಕಿವಿಯಂಥ ಆಕಾರ ಹೊತ್ತ ಇಲಿಯ ಚಿತ್ರವನ್ನು ಹಲವರು ನೋಡಿರುತ್ತಾರೆ. 1997ರಲ್ಲಿ ಪ್ರಕಟವಾದ ಆ ಪ್ರಯೋಗವನ್ನು ಕಂಡು ಅದು ವಂಶವಾಹಿ ತಿದ್ದಿದ ಇಲಿ ಎಂದು ಬಹಳ ಜನ ತಪ್ಪು ತಿಳಿದರು. ವಾಸ್ತವದಲ್ಲಿ ಕಿವಿಯಾಕಾರದ ಕರಗುವ ಪಾಲಿಮರ್ ಹಂದರಕ್ಕೆ ಕರುವಿನ ಮೃದ್ವಸ್ಥಿಯ ಕೋಶಗಳನ್ನು ತುಂಬಿ ಇಲಿಯ ಚರ್ಮದ ಕೆಳಗೆ ಇರಿಸಲಾಗಿತ್ತು, ಅಷ್ಟೆ.

ಆದರೆ ಕಿವಿಯ ಮೃದ್ವಸ್ಥಿ ಸರಳ ಪದಾರ್ಥ. ಅದರಲ್ಲಿ ಒಂದೇ ಬಗೆಯ ಕೋಶ, ರಕ್ತನಾಳಗಳಿಲ್ಲ. ಹೊರಗಿನ ಆಕಾರ ಸರಿಯಾಗಿದ್ದರೆ ಸಾಕು. ಯಕೃತ್ತಿನಲ್ಲೋ ನರದಲ್ಲೋ ಹಾಗಲ್ಲ. ಅಲ್ಲಿ ಯಾವ ಕೋಶ ಯಾರ ಪಕ್ಕದಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೇ ಅಂಗದ ಪ್ರಾಣ. ಬರಿಯ ಪಾಲಿಲ್ಯಾಕ್ಟಿಕ್ ಆಮ್ಲಕ್ಕೆ ಈ ವಿವೇಚನೆ ಇಲ್ಲ. ಸಿಕ್ಕ ಪ್ರೋಟೀನನ್ನೆಲ್ಲ ಅದು ಮೈಗೆ ಅಂಟಿಸಿಕೊಳ್ಳುತ್ತದೆ. ಹಾಗಾಗಿ ಬಂದ ಕೋಶವೆಲ್ಲ ಎಲ್ಲೆಂದರಲ್ಲಿ ಕೂರುತ್ತದೆ. ಅದರ ಸರಪಳಿಯ ಮೇಲೆ ಬೇಕಾದ ತುಣುಕನ್ನು ಸಿಕ್ಕಿಸಲು ಅನುಕೂಲವಾದ ಕೊಕ್ಕೆಗಳೂ ಇಲ್ಲ.

ಮೊಟ್ಟೆಯ ಲೋಳೆಯ ಉಪಕಾರ

ಎರಡು ಚರಿತ್ರೆಗಳು ಕೂಡಿದ್ದು ಇಲ್ಲಿ. 1998ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯ ಮತ್ತು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಒಂದು ಜಾಣ್ಮೆಯ ವಿಧಾನವನ್ನು ಪ್ರಕಟಿಸಿದರು. ನಿಕಿನ್ ಪಟೇಲ್, ಕೆವಿನ್ ಶೇಕ್ಸ್‌ಹೆಫ್, ಲ್ಯಾಂಗರ್ ಮೊದಲಾದವರು ಆ ತಂಡದಲ್ಲಿದ್ದರು.

ಅವರು ಮೊದಲು ಮಾಡಿದ ಕೆಲಸ, ಪಾಲಿಲ್ಯಾಕ್ಟಿಕ್ ಆಮ್ಲದ ಸರಪಳಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಬಾಲವನ್ನು ಬೆಸೆದದ್ದು. ಈ ಬಾಲ ನೀರನ್ನು ಬಹಳವಾಗಿ ಪ್ರೀತಿಸುತ್ತದೆ. ಸುತ್ತ ನೀರನ್ನೇ ಹೊದ್ದುಕೊಂಡಿರುವುದರಿಂದ ಪ್ರೋಟೀನುಗಳಿಗೆ ಅದು ಪಾಚಿಗಟ್ಟಿದ ಕಲ್ಲಿನಂಥ ಜಾರುನೆಲ. ಹೀಗೆ ಎಲ್ಲವನ್ನೂ ಅಂಟಿಸಿಕೊಳ್ಳುವ ಚಟಕ್ಕೆ ಕಡಿವಾಣ ಬಿತ್ತು. ಎರಡನೆಯದಾಗಿ, ಆ ಬಾಲದ ತುದಿಗೆ ಬಯೋಟಿನ್ ಎಂಬ ಜೀವಸತ್ವದ ಅಣುವನ್ನು ಸಿಕ್ಕಿಸಿದರು.

ಬಯೋಟಿನ್ನೇ ಯಾಕೆ? ಹಸಿ ಮೊಟ್ಟೆಯ ಬಿಳಿಯ ಲೋಳೆಯಲ್ಲಿ ಅವಿಡಿನ್ ಎಂಬ ಪ್ರೋಟೀನ್ ಇದೆ. ಹಸಿ ಮೊಟ್ಟೆಯನ್ನೇ ಬಹಳ ದಿನ ತಿಂದವರಿಗೆ ಬಯೋಟಿನ್ ಕೊರತೆ ಉಂಟಾಗಿ ಚರ್ಮರೋಗ ಬರುವುದಕ್ಕೆ ಈ ಅವಿಡಿನ್ ಕಾರಣ. ಬಯೋಟಿನ್ ಕಂಡರೆ ಅದನ್ನು ಬಿಗಿಯಾಗಿ ಹಿಡಿದು ಬಿಡದ ಸ್ವಭಾವ ಅದರದು. ಜೀವಲೋಕದಲ್ಲಿ ಗೊತ್ತಿರುವ ಅತಿ ಬಲವಾದ ಹಿಡಿತಗಳಲ್ಲಿ ಅದೂ ಒಂದು. ಜೊತೆಗೆ ಒಂದೊಂದು ಅವಿಡಿನ್‌ಗೆ ನಾಲ್ಕು ಕೈಗಳು. ಒಂದು ಕೈಯಿಂದ ಪಾಲಿಮರಿನ ಮೇಲಿನ ಬಯೋಟಿನ್ ಹಿಡಿದರೂ ಉಳಿದ ಕೈಗಳು ಖಾಲಿ ಇರುತ್ತವೆ. ಆ ಖಾಲಿ ಕೈಗೆ, ಬಯೋಟಿನ್ ಕಟ್ಟಿದ ಯಾವ ತುಣುಕನ್ನು ಬೇಕಾದರೂ ಕೊಡಬಹುದು. ಊರ ನಡುವಿನ ಸಂಕವಿದ್ದಂತೆ ಅವಿಡಿನ್ ಎರಡೂ ದಡಗಳನ್ನು ಕೂಡಿಸುತ್ತದೆ.

ಇನ್ನು ಉಳಿದದ್ದು ಚಿತ್ತಾರ. ಕೂದಲೆಳೆಗಿಂತ ಸಪೂರವಾದ ಕಾಲುವೆಗಳಿರುವ ರಬ್ಬರ್ ಅಚ್ಚನ್ನು ಪಾಲಿಮರಿನ ಮೇಲೆ ಒತ್ತಿ, ಕಾಲುವೆಗಳಲ್ಲಿ ಅವಿಡಿನ್ ದ್ರಾವಣವನ್ನು ಹರಿಸಿದರೆ, ಅದು ಹರಿದಲ್ಲಿ ಮಾತ್ರ ಸಂಕ ಮೂಡುತ್ತದೆ. ಆಮೇಲೆ ಕೋಶಕ್ಕೆ ಪ್ರಿಯವಾದ ತುಣುಕನ್ನು ಸುರಿದರೆ ಅದೂ ಅಲ್ಲಿ ಮಾತ್ರ ನಿಲ್ಲುತ್ತದೆ. ಹಸುವಿನ ಮಹಾಪಧಮನಿಯ ಒಳಪದರದ ಕೋಶಗಳನ್ನು ಇಂಥ ನೆಲದ ಮೇಲೆ ಬಿಟ್ಟಾಗ ಅವು ಎಳೆದ ಗೆರೆಗಳನ್ನು ಅನುಸರಿಸಿದವು. ನರಕೋಶಗಳಂತೆ ವರ್ತಿಸುವ ಇನ್ನೊಂದು ಬಗೆಯ ಕೋಶಗಳಿಗಾಗಿ ಲ್ಯಾಮಿನಿನ್ ಎಂಬ ಪ್ರೋಟೀನಿನಿಂದ ಆರಿಸಿದ ಐದು ಅಮೈನೋ ಆಮ್ಲಗಳ ತುಣುಕನ್ನು ಬಳಸಿದರು. ಆ ಕೋಶಗಳು ಚಾಚಿದ ತಂತುಗಳು ಗೆರೆಯ ಗುಂಟವೇ ಬೆಳೆದವು. ಹ್ಯಾರಿಸನ್ನರ ಜೇಡನ ಎಳೆ ಎಂಬತ್ತನಾಲ್ಕು ವರ್ಷಗಳ ಬಳಿಕ ಮರಳಿ ಬಂದಿತ್ತು. ಆದರೆ ಈ ಎಳೆ ಬೇಕಾದಲ್ಲಿ ಬೇಕಾದಂತೆ ಎಳೆಯಬಹುದಾದದ್ದು. ಕಾಲ ಕಳೆದಂತೆ ಕರಗುವಂಥದ್ದು.

ಕಮಾನು ನಿಲ್ಲುವವರೆಗೆ

ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಇಲ್ಲ. ಚಪ್ಪಟೆ ನೆಲದ ಮೇಲೆ ಗೆರೆ ಎಳೆಯುವುದು ಒಂದು. ದಪ್ಪವಾದ ಹಂದರದ ಒಳಗೆಲ್ಲ ಎಳೆಯುವುದು ಇನ್ನೊಂದು. ದೇಹದೊಳಗೆ ಪ್ರೋಟೀನುಗಳ ಪ್ರವಾಹ ನಿಲ್ಲುವುದಿಲ್ಲ. ಜಾರುನೆಲವೂ ದಿನ ಕಳೆದಂತೆ ಜಾರುವಿಕೆ ಕಳೆದುಕೊಳ್ಳುತ್ತದೆ. ಕರಗುವ ನೆಲವೆಂದರೆ ಅದರ ಮೇಲಿನ ಚಿತ್ತಾರವೂ ಅದರೊಂದಿಗೆ ಕರಗುತ್ತದೆ. ಕೋಶಗಳು ತಮ್ಮದೇ ನೆಲವನ್ನು ಹಾಸಿಕೊಳ್ಳುವ ಮೊದಲೇ ಕರಗಿದರೆ ಕೆಲಸ ಕೆಟ್ಟಿತು. ಬಹಳ ತಡವಾದರೆ ಅದೇ ಅಡ್ಡಿ. ಕರಗುವಾಗ ಹೊರಬರುವ ಆಮ್ಲ ಒಂದೆಡೆ ಮಡುಗಟ್ಟಿದರೆ ಸುತ್ತಲಿನ ಅಂಗಾಂಶ ಕೆರಳುತ್ತದೆ.

ಈ ತಾಳ್ಮೆಯ ಲೆಕ್ಕವನ್ನು ಬದಿಗಿಟ್ಟು ಓಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಹಿ ಉದಾಹರಣೆಯಿದೆ. 2011ರಲ್ಲಿ ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯ ಪಾವೊಲೊ ಮಾಕಿಯಾರಿನಿ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯದೇ ಆಕರಕೋಶಗಳನ್ನು ಸವರಿ ಕಸಿ ಮಾಡಿದಾಗ ಜಗತ್ತು ಚಪ್ಪಾಳೆ ತಟ್ಟಿತು. ಆ ಪ್ಲಾಸ್ಟಿಕ್ ಕರಗುವ ಬಗೆಯದಲ್ಲ. ಕೋಶಗಳನ್ನು ಸವರಿದರೆ ಸಾಕು, ಅವು ನೆಲೆಯೂರಿ ನಾಳವಾಗುತ್ತವೆ ಎಂಬ ಭರವಸೆ ಮಾತ್ರ ಅಲ್ಲಿತ್ತು. ಆ ನಗರದಲ್ಲಿ ಅಂಥ ನಾಳ ಪಡೆದ ಮೂವರೂ ಮುಂದೆ ತೀರಿಕೊಂಡರು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಆ ವೈದ್ಯನಿಗೆ ಎರಡೂವರೆ ವರ್ಷಗಳ ಸೆರೆವಾಸ ವಿಧಿಸಿತು. ಕೋಶವನ್ನು ಮೇಲ್ಮೈಗೆ ಸವರುವುದಕ್ಕೂ ಅದಕ್ಕೆ ನೆಲೆ ಕೊಡುವುದಕ್ಕೂ ಇರುವ ಅಂತರ ಎಷ್ಟೆಂಬುದು ಅಲ್ಲಿ ಜೀವಗಳ ಬೆಲೆಯಲ್ಲಿ ತಿಳಿಯಿತು.

ಇನ್ನೊಂದು ಕಡೆ, ಸದ್ದಿಲ್ಲದೆ ಆದ ಪ್ರಗತಿಯೂ ಇದೆ. 1990ರಲ್ಲೇ ಮ್ಯಾಕಿನ್ನನ್ ಮತ್ತು ಡೆಲ್ಲನ್ ಎಂಬ ಶಸ್ತ್ರವೈದ್ಯರು 15 ರೋಗಿಗಳ ಕೈಯ ನರದ ಅಂತರವನ್ನು ಪಾಲಿಗ್ಲೈಕಾಲಿಕ್ ಆಮ್ಲದ ಕರಗುವ ನಳಿಕೆಯಿಂದ ಕೂಡಿಸಿದ್ದನ್ನು ವರದಿ ಮಾಡಿದ್ದರು. ಅಂಥ ನಳಿಕೆಗಳು ಈಗ ಚಿಕಿತ್ಸೆಯ ಭಾಗವಾಗಿವೆ. ಆದರೆ ಅವು ಒಳಗೆ ಟೊಳ್ಳು; ಗೋಡೆಯಿದೆ, ಗೆರೆಯಿಲ್ಲ. ಆದ್ದರಿಂದ ಸುಮಾರು ಮೂರು ಸೆಂಟಿಮೀಟರ್‌ವರೆಗಿನ ಅಂತರಕ್ಕೆ ಮಾತ್ರ ಅವುಗಳನ್ನು ನೆಚ್ಚಬಹುದು. ಅದಕ್ಕಿಂತ ದೊಡ್ಡ ಅಂತರವಾದರೆ ಇವತ್ತಿಗೂ ಹೆಚ್ಚಾಗಿ ಕಾಲಿನ ನರವನ್ನೇ ನೆಚ್ಚಬೇಕಾಗುತ್ತದೆ. ಟೊಳ್ಳು ನಳಿಕೆಯ ಒಳಮೈಯಲ್ಲಿ ಕೋಶಗಳಿಗೆ ದಾರಿ ಬರೆಯುವ ಪ್ರಯತ್ನ ಹಲವು ಪ್ರಯೋಗಶಾಲೆಗಳಲ್ಲಿ ಸಾಗಿರುವುದು ಆ ಕೊರತೆಯನ್ನು ತುಂಬಲೆಂದೇ.

ಕಲ್ಲಿನ ಕಮಾನು ಕಟ್ಟುವ ಮೇಸ್ತ್ರಿ ಮೊದಲು ಮರದ ಆಧಾರವನ್ನು ನಿಲ್ಲಿಸುತ್ತಾನೆ. ಒಂದೊಂದು ಕಲ್ಲು ಎಲ್ಲಿ ಕೂರಬೇಕೆಂದು ಹೇಳುವುದು ಆ ಮರ. ನಡುಗಲ್ಲು ಕೂತು ಭಾರವೆಲ್ಲ ಒಂದನ್ನೊಂದು ಒತ್ತಿ ಹಿಡಿದ ಮೇಲೆ ಮರವನ್ನು ಕಳಚುತ್ತಾರೆ. ಕಮಾನು ತಾನೇ ನಿಲ್ಲುತ್ತದೆ. ಮೊದಲೇ ಕಳಚಿದರೆ ಕುಸಿಯುತ್ತದೆ. ಕಳಚದೇ ಬಿಟ್ಟರೆ ಅದರಡಿ ಯಾರೂ ಹಾಯುವಂತಿಲ್ಲ. ಕರಗುವ ಪಾಲಿಮರ್ ಮಾಡಬೇಕಾದ ಕೆಲಸವೂ ಇಷ್ಟೇ. ವ್ಯತ್ಯಾಸವೆಂದರೆ, ಇಲ್ಲಿ ಮರವನ್ನು ಕಳಚಲು ಮೇಸ್ತ್ರಿ ಒಳಗೆ ಹೋಗುವಂತಿಲ್ಲ. ಯಾವ ಕಲ್ಲು ಎಲ್ಲಿ, ಮರ ಯಾವಾಗ ಬೀಳಬೇಕು ಎಂಬ ಎರಡನ್ನೂ ಅವನು ಮೊದಲೇ ಮರದಲ್ಲಿ ಬರೆದಿಟ್ಟಿರಬೇಕು. ಮೊದಲನೆಯದನ್ನು ಬರೆಯುವ ಲಿಪಿ 1998ರಲ್ಲಿ ಸಿಕ್ಕಿತು. ಎರಡನ್ನೂ ಒಟ್ಟಿಗೆ ಬರೆಯುವ ಹೊತ್ತಿಗೆ, ಬೆರಳಿಗೆ ಸ್ಪರ್ಶ ಕೊಡಲು ಪಾದದ ಸ್ಪರ್ಶವನ್ನು ತೆರಬೇಕಾದ ಪ್ರಮೇಯ ಇರುವುದಿಲ್ಲ.